ನಾನು ಕಟ್ಟಿದ ದುಬೈ

ಭಟ್ಕಳದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ಇಷ್ಟು ವರ್ಷದಲ್ಲಿ ನಾನು ಗಳಿಸಿದ ಹೆಸರು ಒಂದೇ: ಈ ಟೀಚರ ಎದುರು ಸುಳ್ಳು ನಡೆಯುವುದಿಲ್ಲ. ಹೋಮ್‌ವರ್ಕ್ ಪುಸ್ತಕ ಬಸ್ಸಿನಲ್ಲಿ ಬಿಟ್ಟುಹೋಯಿತು ಎಂದವರನ್ನೂ, ಒಂದೇ ಅಜ್ಜಿಯನ್ನು ವರ್ಷದಲ್ಲಿ ಮೂರು ಸಲ ಸಾಯಿಸಿ ರಜೆ ಕೇಳಿದವರನ್ನೂ ಮುಖ ನೋಡಿಯೇ ಹಿಡಿದಿದ್ದೇನೆ. ಹಾಗಾಗಿ ಸುಳ್ಳು ಹೇಳುವ ಸರದಿ ನನಗೇ ಬಂದಾಗ, ಇದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡೆ. ಅದರ ಕಥೆ ಇದು.

ನನ್ನ ತಮ್ಮ ನನಗಿಂತ ಹತ್ತು ವರ್ಷ ಚಿಕ್ಕವನು. ಹೊನ್ನಾವರದಲ್ಲಿ ಟೆಂಪೊ ಓಡಿಸುತ್ತಿದ್ದ. ಅವನ ಹೆಂಡತಿ ಕಾಮಾಲೆಯಾಗಿ ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಅಂದಿನಿಂದ ಅವಳಿಗೆ ಜಡೆ ಹಾಕುವುದು, ಸಮವಸ್ತ್ರ ಇಸ್ತ್ರಿ ಮಾಡುವುದು, ಮೀನಿನ ಮುಳ್ಳು ತೆಗೆದು ಅನ್ನ ಕಲಸುವುದು ಎಲ್ಲ ಅವನೇ. ಒಳ್ಳೆಯವನು. ಕುಡಿದರೆ ಮಾತ್ರ ಬೇರೆಯವನು, ಕುಡಿಯುವುದೂ ಅಪರೂಪ. ಮಗಳಿಗೆ ಎಂಟು ತುಂಬಿದ ವರ್ಷ, ಒಂದು ಸಂಜೆ ಪೇಟೆಯಲ್ಲಿ ಟೆಂಪೊ ನಿಲ್ಲಿಸುವ ಜಾಗದ ಬಗ್ಗೆ ಒಬ್ಬರ ಜೊತೆ ಮಾತಿಗೆ ಮಾತು ಬೆಳೆಯಿತು. ಇವನು ಕುಡಿದಿದ್ದ. ದೂಡಿದ. ಆ ಮನುಷ್ಯ ಹಿಂದಕ್ಕೆ ಬಿದ್ದು ಗಟಾರದ ಕಲ್ಲಿಗೆ ತಲೆ ಹೊಡೆದುಕೊಂಡು ಎರಡನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಮಾರನೆಯ ಬೆಳಿಗ್ಗೆ ಪೊಲೀಸರು ತಮ್ಮನನ್ನು ಮನೆಯಿಂದ ಕರೆದುಕೊಂಡು ಹೋದರು.

ನನಗೆ ಫೋನ್ ಬಂದಾಗ ಆಮ್ಲ, ಪ್ರತ್ಯಾಮ್ಲ ಪಾಠ ನಡೆಯುತ್ತಿತ್ತು. ಸಿಕ್ಕ ಬಸ್ಸು ಹತ್ತಿ ಹೊನ್ನಾವರಕ್ಕೆ ಓಡಿದೆ. ಹುಡುಗಿ ಪಕ್ಕದ ಮನೆಯಲ್ಲಿ ಚಾಪೆಯ ಮೇಲೆ ಮುಸುಕು ಹಾಕಿಕೊಂಡು ಮಲಗಿದ್ದಳು.

"ಮಲಗಿದ್ದು ಎದ್ದೇ ಇಲ್ಲ ಅದು. ಅದ್ಕೆ ಎಂತದೂ ಗೊತ್ತಿಲ್ಲ, ಪಾಪ," ಅಂದರು ಆ ಮನೆಯವರು.

ಮುಖ ನೋಡಿ ಸುಳ್ಳು ಹಿಡಿಯುವ ನಾನು, ಬಿಸಿಲೇರಿದ ಹೊತ್ತಿನಲ್ಲಿ ಎಂಟು ವರ್ಷದ ಮಗು ಮುಸುಕು ಹಾಕಿ ಯಾಕೆ ಮಲಗುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಮುಸುಕು ತೆಗೆದು ಮುಖ ನೋಡಲೂ ಇಲ್ಲ. ಎಬ್ಬಿಸಿ, ಸಿಕ್ಕಿದ ಬಟ್ಟೆ ಚೀಲಕ್ಕೆ ತುಂಬಿ, ಭಟ್ಕಳದ ಬಸ್ಸು ಹತ್ತಿಸಿದೆ. ಮಂಕಿ ಊರು ದಾಟಿದ ಮೇಲೆ ನಾನೇ ಮಾತು ಶುರು ಮಾಡಿದೆ.

"ನಿನ್ನ ಅಪ್ಪಂಗೆ ದುಬೈಲಿ ಕೆಲ್ಸ ಸಿಕ್ತು ಮಗಾ. ಅರ್ಜೆಂಟ್ ಹೋಗ್ಬೇಕಾತು. ನಿಂಗೆ ಹೇಳಿ ಹೋಗೂಕೂ ಟೈಮ್ ಇರ್ಲಿಲ್ಲ."

ಅವಳು ನನ್ನನ್ನೇ ನೋಡಿದಳು. "ವಿಮಾನದಲ್ಲಾ?"

"ಮತ್ತೆ? ವಿಮಾನದಲ್ಲೇ."

"ಅಪ್ಪನ ಚಪ್ಪಲ್ ಮನೇಲೇ ಅದೆ," ಅಂದಳು.

"ಅಲ್ಲಿ ಕಂಪನಿಯೋರು ಹೊಸದು ಕೊಡ್ತ್ರು," ಅಂದೆ. ಎಷ್ಟು ಬೇಗ ಉತ್ತರ ಹೊಳೆಯಿತಲ್ಲ ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಮುಂಬೈ ಅಂದಿದ್ದರೆ ಆಗುತ್ತಿತ್ತು. ಗುಜರಾತಿಗೆ ಲಾರಿ ತೆಗೆದುಕೊಂಡು ಹೋಗಿದ್ದಾನೆ ಅಂದಿದ್ದರೂ ನಡೆಯುತ್ತಿತ್ತು. ಭಟ್ಕಳದಲ್ಲಿ ವಾಸ ಮಾಡಿಕೊಂಡು ದುಬೈ ಬಗ್ಗೆ ಸುಳ್ಳು ಹೇಳುವುದೆಂದರೆ ಯಕ್ಷಗಾನಕ್ಕೆ ಹೆಸರಾದ ಕರ್ಕಿ ಊರಿನವರ ಎದುರು ಕೂತು ಅದರ ಬಗ್ಗೆಯೇ ಬುರುಡೆ ಬಿಟ್ಟ ಹಾಗೆ. ನಮ್ಮ ಓಣಿಯಲ್ಲಿ ಗಂಡನೋ ಮಗನೋ ಅಳಿಯನೋ ಗಲ್ಫಿನಲ್ಲಿ ಇಲ್ಲದ ಮನೆಯೇ ಕಡಿಮೆ. ಅಲ್ಲಿನ ರಸ್ತೆ, ಅಂಗಡಿ, ಸೆಕೆ, ರಜೆ ಎಲ್ಲ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ನನಗೆ ಶಾರ್ಜಾ ಅಂದರೆ ಜ್ಯೂಸ್ ಅಂಗಡಿಯ ಬಾಳೆಹಣ್ಣಿನ ಶೇಕ್ ಮಾತ್ರ ಗೊತ್ತಿತ್ತು.

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ನವಾಯತಿ ಮುಸ್ಲಿಂ ಹೆಂಗಸು ತನ್ನ ಮಗಳ ಜೊತೆ ಇದ್ದಳು. ಗಂಡ ದುಬೈಯಲ್ಲಿ. ಅವಳ ಮಗಳೂ ನಮ್ಮ ಹುಡುಗಿಯೂ ಒಂದೇ ಕ್ಲಾಸಿಗೆ ಬಿದ್ದು, ಎರಡೇ ವಾರದಲ್ಲಿ ಗಳಸ್ಯ ಕಂಠಸ್ಯ ಆದರು. ಸುದ್ದಿ ಮೇಲೆ ಹೋಯಿತು. ಮೇಲಿನಾಕೆ ಖುಷಿಯಿಂದ ಇಳಿದು ಬಂದಳು.

"ಟೀಚರ್, ನಿಮ್ಮ ತಮ್ಮ ದುಬೈಲಂತೆ! ಎಲ್ಲಿ ಬರ್ತದೆ ಅವ್ರ ರೂಮು?"

"ಅಲ್ಲೇ... ಪೇಟೆ ಹತ್ರ," ಅಂದೆ.

"ಯಾವ ಪೇಟೆ?"

"ದೊಡ್ಡ ಪೇಟೆ."

ಅವಳು ಮರ್ಯಾದಸ್ಥೆ, ಮತ್ತೆ ಕೇಳಲಿಲ್ಲ. ಅಂದು ಸಂಜೆ ನಾನು ಶಾಲೆಯ ಲೈಬ್ರರಿಯಿಂದ ಭೂಪಟದ ಪುಸ್ತಕ ತಂದು ಅರಬ್ ದೇಶಗಳ ಪುಟ ಬಿಡಿಸಿ ಕೂತೆ. ಮರುದಿನದಿಂದ ತಮ್ಮನನ್ನು ಆ ಪೇಟೆಯಿಂದ ಎತ್ತಿ ಮರುಭೂಮಿಯ ಎಣ್ಣೆ ಬಾವಿಗೆ ಹಾಕಿದೆ. ಅಲ್ಲಿ ವಿಡಿಯೊ ಕಾಲ್ ಸಿಗುವುದಿಲ್ಲ ಎಂದೆ. ಟೆಂಪೊ ಡ್ರೈವರನಿಗೆ ಎಣ್ಣೆ ಬಾವಿಯಲ್ಲಿ ಎಂತ ಕೆಲಸ ಎಂದು ಯಾರೂ ಕೇಳದಿದ್ದದ್ದು ನನ್ನ ಪುಣ್ಯ.

ತಮ್ಮನನ್ನೂ ಈ ನಾಟಕಕ್ಕೆ ಸೇರಿಸಿಕೊಳ್ಳಲೇಬೇಕಿತ್ತು. ರಜೆ ಹಾಕಿ ಒಬ್ಬಳೇ ಜೈಲಿಗೆ ಹೋದೆ. ಕಬ್ಬಿಣದ ಜಾಳಿಗೆಯ ಆಚೆ ನಿಂತವನು ಸೊರಗಿ ಇಳಿದುಹೋಗಿದ್ದ. ವಿಷಯ ಹೇಳಿದೆ.

"ನನ್ನ ದುಬೈಗೆ ಕಳಿಸ್ದ್ಯನೆ ಅಕ್ಕಾ?" ಅಂದು ನಕ್ಕ. ನಕ್ಕವನು ಕಣ್ಣು ಒರೆಸಿಕೊಂಡ. "ಅವ್ಳಿಗೆ ಖರೇ ಹೇಳಿದ್ರೆ ಆಗೂದಿಲ್ವ? ಕರ್ಕೊಂಡು ಬಂದ್ರೆ ಒಂದ್ಸಲ ನೋಡ್ತಿದ್ದೆ."

"ನಿಂಗೆ ಮಕ್ಕಳ ಮನಸ್ಸು ಗೊತ್ತಿಲ್ಲ," ಅಂದೆ. "ನಾ ಬಿ.ಎಡ್. ಮಾಡಿದವ್ಳು."

ಇದು ಹೌದು. ಮಕ್ಕಳ ಮನಃಶಾಸ್ತ್ರದಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದಿತ್ತು. ಸ್ವಂತ ಮಕ್ಕಳಿಲ್ಲದ, ಮದುವೆಯನ್ನೂ ಆಗದ ನಾನು, ಆರು ವರ್ಷ ಮಗಳಿಗೆ ಜಡೆ ಹಾಕಿದ ಅಪ್ಪನಿಗೆ ಹಾಗೆ ಅಂದೆ. ಅವನು ತಲೆ ತಗ್ಗಿಸಿ "ಆತು, ನೀ ಹೇಳ್ದಂಗೆ," ಅಂದ.

ಜೈಲಿನಿಂದ ವಾರಕ್ಕೊಮ್ಮೆ ಕೆಲವು ನಿಮಿಷ ಫೋನ್ ಮಾಡಲು ಅವನಿಗೆ ಅವಕಾಶವಿತ್ತು. ನಾನು ಪಕ್ಕದಲ್ಲಿ ನಿಂತು, ಮಾತು ದಾರಿ ತಪ್ಪಿದರೆ ಸರಿಪಡಿಸಲು ಸಜ್ಜಾಗಿರುತ್ತಿದ್ದೆ. ಅವಳು "ಅಪ್ಪಾ, ಅಲ್ಲಿ ಬಿಸ್ಲಾ?" ಅನ್ನುವಳು. ಅವನು "ಹೌದು ಮಗಾ, ರಾಶಿ ಬಿಸ್ಲು," ಅನ್ನುವನು. ಹಿಂದಿನಿಂದ ಯಾರೋ ಅಚ್ಚ ಕನ್ನಡದಲ್ಲಿ "ಏ, ಟೈಮ್ ಆತು, ಇಡು!" ಎಂದು ಕೂಗುವುದು ನನಗೇ ಕೇಳಿಸುತ್ತಿತ್ತು. ಅವಳು ಮಾತ್ರ ಆ ಬಗ್ಗೆ ಒಂದು ದಿನವೂ ಕೇಳಲಿಲ್ಲ. ಎಷ್ಟು ಮುಗ್ಧೆ ಎಂದುಕೊಳ್ಳುತ್ತಿದ್ದೆ.

ದುಬೈ ಅಂದ ಮೇಲೆ ಚಾಕಲೇಟು ಬರಬೇಕು. ಭಟ್ಕಳದಲ್ಲಿ ಅದಕ್ಕೇನೂ ಕೊರತೆಯಿಲ್ಲ, ಫಾರಿನ್ ಸಾಮಾನಿನ ಅಂಗಡಿಗಳ ಸಾಲೇ ಇದೆ. ನನ್ನ ವಿದ್ಯಾರ್ಥಿಗಳ ಕಣ್ಣಿಗೆ ಬೀಳದ ಹಾಗೆ ಸೆರಗು ತಲೆಗೆ ಎಳೆದುಕೊಂಡು ಹೋಗಿ ಚಾಕಲೇಟು, ಹಾಲಿನ ಪುಡಿ, ಮಿಂಚುವ ಪೆನ್ಸಿಲ್ ಡಬ್ಬಿ ತಂದೆ. ಬೆಲೆಯ ಚೀಟಿ ಬಿಸಿನೀರಿನಲ್ಲಿ ನೆನೆಸಿ ಕಿತ್ತೆ. ಖಾಲಿ ರಟ್ಟಿನ ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ, ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆದೆ. ಅಕ್ಷರ ನನ್ನದೆಂದು ತಿಳಿಯಬಾರದಲ್ಲ, ಎಡಗೈಯಲ್ಲಿ ಬರೆದೆ. ವರ್ಷಕ್ಕೆ ಎರಡು ಸಲದಂತೆ ನನ್ನ ದುಬೈಯಿಂದ ನನ್ನದೇ ಮನೆಗೆ ಪಾರ್ಸೆಲ್ ಬಂತು. ಪ್ರತಿ ಸಲವೂ ಹುಡುಗಿ ಬಿಚ್ಚಿ ನೋಡಿ, "ಚಲೋ ಅದೆ ಅತ್ತೆ," ಅಂದು ಮೊದಲ ಚಾಕಲೇಟು ನನ್ನ ಬಾಯಿಗೇ ಇಡುತ್ತಿದ್ದಳು.

ಒಂದೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ಮೇಲಿನ ಮನೆಯಾಕೆಯ ಗಂಡ ರಜೆಯ ಮೇಲೆ ಬಂದ. ಹೊರಡುವ ಮುಂಚಿನ ಭಾನುವಾರ ಬೆಳಿಗ್ಗೆ ಅವಳು ಇಳಿದು ಬಂದು ಬಾಗಿಲಲ್ಲಿ ನಿಂತಳು.

"ಟೀಚರ್, ನಮ್ಮೋರು ಗುರುವಾರ ಹೋಗ್ತಾರೆ. ನಿಮ್ಮ ತಮ್ಮಂಗೆ ಎಂತಾದ್ರೂ ಕಳಿಸೂದಿದ್ರೆ ಕೊಡಿ. ಮರುಭೂಮಿ ಆದ್ರೂ ಅಡ್ಡಿಲ್ಲ, ಅವ್ರು ಮುಟ್ಟಿಸ್ತಾರೆ. ನಂಬರ್ ಕೊಡಿ, ಸಾಕು."

ಬೇಡ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಒಡಹುಟ್ಟಿದವನಿಗೆ ಏನೂ ಕಳಿಸದ ಅಕ್ಕ ಎಂದು ಅವಳು ತಿಳಿದುಕೊಂಡರೆ? ಜಂಬ ಬಿಡಲಿಲ್ಲ. "ಅಯ್ಯೋ, ಎಷ್ಟು ಉಪಕಾರ! ಅವ್ನ ನಂಬರ್ ಬದಲಾಗ್ತಾ ಇರ್ತದೆ. ನಾನೇ ಅವಂಗೆ ಹೇಳ್ತೆ, ಏರ್‌ಪೋರ್ಟಿಗೇ ಬಂದು ಇವರ ಕೈಯಿಂದ ತಕ್ಕೊಂಡು ಹೋಗ್ತ," ಅಂದೆ. ಅವಳು ಆತು ಎಂದು ಹೋದಳು.

ನಾನು ಅಡುಗೆಮನೆಯಲ್ಲಿ ಕೂತು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಡಬ್ಬಿಗೆ ತುಂಬತೊಡಗಿದೆ. ಇಲ್ಲದ ಮನುಷ್ಯನಿಗೆ ಉಪ್ಪಿನಕಾಯಿ ಸೋರಬಾರದೆಂದು ಎರಡು ಪ್ಲಾಸ್ಟಿಕ್ ಸುತ್ತುತ್ತಿದ್ದೆ. ಹುಡುಗಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಅತ್ತೆ, ಆ ಡಬ್ಬಿ ಕೊಡ್ಬೇಡ."

"ಎಂತಕ್ಕೆ?"

"ಅವ್ರು ಏರ್‌ಪೋರ್ಟಲ್ಲಿ ಕಾಯ್ತಾ ನಿಂತ್ಕಂತ್ರು. ಪಾಪ. ಅಪ್ಪ ಅಲ್ಲಿ ಇಲ್ಲ ಅಲ್ದಾ."

"ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ. ಪೊಲೀಸ್ರು ಬಂದಾಗ ಬಾಗ್ಲು ತೆಗ್ದದ್ದು ನಾನೇ."

ನಾನು ಡಬ್ಬಿ ಪಕ್ಕಕ್ಕೆ ಸರಿಸಿದೆ. ಅವಳು ಬಂದು ಎದುರಿಗೆ ಕೂತಳು. ಅಪ್ಪ ಚಪ್ಪಲಿ ಹಾಕಿಕೊಳ್ಳಲು ಹೋದದ್ದು, ಪೊಲೀಸರು ಬೇಗ ನಡೆ ಅಂದದ್ದು, ಅವನು ಬರಿಗಾಲಲ್ಲಿ ಜೀಪು ಹತ್ತಿದ್ದು, ತಾನು ಮುಸುಕು ಹಾಕಿ ಮಲಗಿದ್ದು, ನಿದ್ದೆಯೆಂದು ಎತ್ತಿಕೊಂಡು ಹೋದ ಪಕ್ಕದ ಮನೆಯವರು ಒಬ್ಬ ಮನುಷ್ಯ ಸತ್ತ ಸುದ್ದಿ ಆಡಿದ್ದು ಕೇಳಿಸಿದ್ದು, ಎಲ್ಲವನ್ನೂ ಸಾವಕಾಶವಾಗಿ ಹೇಳಿದಳು. ಒಂದೂವರೆ ವರ್ಷ ಅದನ್ನು ಒಬ್ಬಳೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

"ಮತ್ತೆ ನಂಗೆ ಎಂತಕ್ಕೆ ಹೇಳ್ಲಿಲ್ಲ ಮಗಾ?"

"ನೀ ಅಷ್ಟು ಕಷ್ಟಪಟ್ಟು ಪಾರ್ಸೆಲ್ ಮಾಡ್ತಿದ್ದೆ ಅಲ್ದಾ. ಗೊತ್ತಾತು ಅಂದ್ರೆ ನಿಂಗೆ ಬೇಜಾರಾಗ್ತದೆ ಅಂತ." ಆಮೇಲೆ, "ಹಾಲಿನ ಪುಡಿ ಡಬ್ಬಿ ಅಡಿಗೆ ಇನ್ನೊಂದು ಚೀಟಿ ಇತ್ತು. ಅದ್ರಲ್ಲಿ ಅಂಗಡಿ ಹೆಸ್ರು ಇತ್ತು. ನಾ ಕಿತ್ತು ಬಿಸಾಕ್ದೆ, ಮೇಲಿನ ಮನೆಯೋರು ನೋಡ್ತ್ರು ಅಂತ."

ಒಂದೂವರೆ ವರ್ಷ ಮಗುವನ್ನು ನಾನು ಕಾಪಾಡುತ್ತಿದ್ದೇನೆ ಎಂದು ಬೀಗುತ್ತಿದ್ದೆ. ಕಾಪಾಡುತ್ತಿದ್ದವಳು ಅವಳು. ನನ್ನ ಮರ್ಯಾದೆಯನ್ನು.

"ಅಪ್ಪನ್ನ ನೋಡ್ಬೇಕು," ಅಂದಳು. ನಾನು ರೂಢಿಯಂತೆ "ಅದು ಮಕ್ಕಳು ಹೋಗೂ ಜಾಗ ಅಲ್ಲ," ಅಂದೆ. "ಅಪ್ಪ ಇದ್ದಾನಲಾ ಅಲ್ಲಿ," ಅಂದಳು.

ಮಧ್ಯಾಹ್ನ ಮೇಲಿನ ಮನೆಗೆ ಹೋಗಿ, ನಡೆದದ್ದನ್ನೆಲ್ಲ ಆಕೆಗೆ ಹೇಳಿದೆ. ಹೇಳುವಾಗ ಹೋಮ್‌ವರ್ಕ್ ಮಾಡದ ಹುಡುಗರು ನನ್ನ ಮುಂದೆ ನಿಲ್ಲುವ ಹಾಗೆಯೇ ನಿಂತಿದ್ದೆ. ಅವಳು ಸಿಟ್ಟಾಗಲಿಲ್ಲ. ಸ್ವಲ್ಪ ನೊಂದುಕೊಂಡಳು ಅನ್ನಿಸಿತು. ಚಹಾ ಮಾಡಿಕೊಟ್ಟು ಹೇಳಿದಳು:

"ಟೀಚರ್, ನಮ್ಮೋರು ಮೊದಲ್ನೇ ಸಲ ರಜೆಗೆ ಬಂದಾಗ ಮಗಳಿಗೆ ಮೂರು ವರ್ಷ. ಬಾಗಿಲಲ್ಲಿ ಅವರನ್ನ ನೋಡಿ, 'ಅಮ್ಮಾ, ಯಾರೋ ಬಂದಿದಾರೆ' ಅಂತ ಒಳಗೆ ಓಡಿ ಬಂದ್ಳು. ಅವತ್ತು ಅವ್ರು ಊಟ ಮಾಡ್ಲಿಲ್ಲ. ನೀವು ಕರ್ಕೊಂಡು ಹೋಗಿ. ಮುಖ ಮರೆಯೂ ಮೊದಲು ಹೋಗಿ."

ಮುಂದಿನ ಶನಿವಾರ ಮೊದಲ ಬಸ್ಸಿಗೆ ಹೊರಟೆವು. ಶರಾವತಿ ಸೇತುವೆಯ ಮೇಲೆ ಹುಡುಗಿ ಕಿಟಕಿಗೆ ಮೂಗು ಒತ್ತಿ ದೋಣಿಗಳನ್ನು ಎಣಿಸಿದಳು. ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಮಾತ್ರ ತಲೆ ತಗ್ಗಿಸಿ ಕೂತಳು. ಅಲ್ಲಿ ಗುರುತಿನವರು ಹತ್ತಬಹುದಿತ್ತು. ನಾನೂ ತಲೆ ತಗ್ಗಿಸಿದೆ. ಕುಮಟಾದಲ್ಲಿ ಇಳಿದು ಇಡ್ಲಿ ತಿಂದು ಜೈಲಿರುವ ಊರಿಗೆ ಬೇರೆ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನಾನು ಅವಳಿಗೆ ಧೈರ್ಯದ ಪಾಠ ಮಾಡಿದೆ: ಅಲ್ಲಿ ದೊಡ್ಡ ಗೋಡೆ ಇರ್ತದೆ, ಹೆದರಬಾರದು, ಅಪ್ಪ ಬಡಕಲಾಗಿರ್ತಾನೆ, ಅಳಬಾರದು. ಅವಳು ಹೂಂ ಹೂಂ ಅನ್ನುತ್ತಿದ್ದಳು.

ಗೇಟಿನಲ್ಲಿ ನನ್ನ ಆಧಾರ್ ಕಾರ್ಡು ಸಿಗಲಿಲ್ಲ. ಚೀಲವನ್ನೆಲ್ಲ ತಲೆಕೆಳಗೆ ಮಾಡಿದೆ. ಹುಡುಗಿಯೇ ನನ್ನ ಕನ್ನಡಕದ ಪೆಟ್ಟಿಗೆಯಿಂದ ಅದನ್ನು ತೆಗೆದು ಕೊಟ್ಟಳು. ಮರೆಯಬಾರದೆಂದು ನಾನೇ ಅಲ್ಲಿಟ್ಟಿದ್ದೆನಂತೆ. ಹೆಸರು ಬರೆದುಕೊಳ್ಳುತ್ತಿದ್ದ ಮಹಿಳಾ ಸಿಬ್ಬಂದಿ ಅವಳನ್ನು ನೋಡಿ, "ಮಗಳಾ? ಇಷ್ಟು ದಿನ ಯಾಕೆ ಕರ್ಕೊಂಡು ಬರ್ಲಿಲ್ಲ? ಮಕ್ಕಳನ್ನ ಬಿಡ್ತೇವಲ್ಲ," ಅಂದಳು. ನಾನು ಸರ್ಕಾರ, ಕಾನೂನು, ಜೈಲು ಎಲ್ಲವನ್ನೂ ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೆ. ಹುಡುಗಿಯನ್ನು ಅಪ್ಪನಿಂದ ದೂರ ಇಟ್ಟದ್ದು ಇವರಲ್ಲಿ ಯಾರೂ ಅಲ್ಲ.

ಜಾಳಿಗೆಯ ಆಚೆ ತಮ್ಮ ಬಂದು ನಿಂತ. ಮಗಳನ್ನು ನೋಡಿದ. ನಾನು ಆಗಲೇ ಜೋರಾಗಿ ಅಳಲು ಶುರು ಮಾಡಿದೆ. ಅವರಿಬ್ಬರೂ ಅಳಲಿಲ್ಲ.

"ಎರಡು ಜಡೆ ಹಾಕೂದು ಬಿಟ್ಯಾ?" ಅಂದ ಅವನು.

"ಅತ್ತೆಗೆ ಸಮ ಹಾಕೂಕೆ ಬತ್ತಿಲ್ಲ. ಒಂದು ದೊಡ್ಡದು, ಒಂದು ಸಣ್ಣದು ಆಗ್ತದೆ."

ಅವನು ನಕ್ಕ. ಆಮೇಲೆ ಬಿದ್ದ ಹಲ್ಲು, ಗಣಿತದ ಮಾರ್ಕು, ಮೇಲಿನ ಮನೆಯ ಬೆಕ್ಕು ಮರಿ ಹಾಕಿದ್ದು, ಒಂದಾದ ಮೇಲೊಂದು ಮಾತು. ನನ್ನ ಬಿಕ್ಕಳಿಕೆ ಜೋರಾಗಿ ಅವರಿಗೆ ಮಾತು ಕೇಳದಂತಾದಾಗ ಅದೇ ಸಿಬ್ಬಂದಿ ಬಂದು ನನಗೆ ನೀರು ಕೊಟ್ಟು ಬೆಂಚಿನ ಮೇಲೆ ಕೂರಿಸಿದಳು. ಹುಡುಗಿ ಹಿಂದೆ ತಿರುಗಿ, "ಅಳ್ಬೇಡ ಅತ್ತೆ, ಈಗ ಮುಗೀತದೆ," ಅಂದಳು.

ಆಮೇಲೆ ಅವಳು ಅಪ್ಪನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು. "ಅಪ್ಪಾ, ಆ ಮನುಷ್ಯಂಗೆ ಮಕ್ಕಳಿದ್ರಾ?"

ನಾನು ಎದ್ದು ಮಧ್ಯೆ ಬೀಳಬೇಕೆಂದಿದ್ದೆ. ತಮ್ಮ ಕೈ ಎತ್ತಿ ನನ್ನನ್ನು ತಡೆದ.

"ಇದ್ರು ಮಗಾ. ಇಬ್ರು."

"ನೀ ಬೇಕು ಅಂತ ಮಾಡಿದ್ದಾ?"

"ಸಾಯ್ಲಿ ಅಂತ ಅಲ್ಲ. ಆದ್ರೆ ದೂಡಿದ್ದು ನಾನೇ. ಕುಡ್ದಿದ್ದೆ. ತಪ್ಪು ನಂದೇ."

ಅವಳು ತಲೆಯಾಡಿಸಿದಳು. ಹೊತ್ತು ಮುಗಿಯಿತು ಎಂದು ಕರೆದಾಗ ಜಾಳಿಗೆಗೆ ಬೆರಳು ಒತ್ತಿ ನಿಂತಳು, ಅವನೂ ಒತ್ತಿದ. ವಾಪಸ್ ಬರುವಾಗ ಬಸ್ಸಿನಲ್ಲಿ, "ಆ ಇಬ್ರು ಮಕ್ಕಳು ಯಾವ ಶಾಲೆಗೆ ಹೋಗ್ತ್ರು ಅತ್ತೆ?" ಅಂದಳು. ನನಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷದಲ್ಲಿ ನಾನು ಒಮ್ಮೆಯೂ ಅವರ ಬಗ್ಗೆ ಯೋಚಿಸಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಇಷ್ಟಕ್ಕೆ ನಾನು ಬುದ್ಧಿ ಕಲಿತೆ ಅಂದುಕೊಳ್ಳಬೇಡಿ. ಸುಳ್ಳು ಹೇಳಿ ಕೆಟ್ಟವಳು ಈಗ ಸತ್ಯಕ್ಕೆ ಬಿದ್ದೆ. ಮುಚ್ಚಿಡುವುದು ತಪ್ಪು ಎಂದು ಗೊತ್ತಾಯಿತಲ್ಲ, ಸರಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಅವಳ ಕ್ಲಾಸ್ ಟೀಚರಿಗೆ, ಶಾಲೆಗೆ ಬಿಡುವ ರಿಕ್ಷಾದವನಿಗೆ, ರವಿಕೆ ಹೊಲಿಯುವವಳಿಗೆ, ಬ್ಯಾಂಕಿನ ಸರದಿಯಲ್ಲಿ ಹಿಂದೆ ನಿಂತಿದ್ದ ಹೆಂಗಸಿಗೆ ಸಹ. ಹೇಳಿ ಎದೆಯುಬ್ಬಿಸಿ ನಿಲ್ಲುತ್ತಿದ್ದೆ. ಎಲ್ಲರೂ "ನೀವು ದೊಡ್ಡವರು ಟೀಚರ್," ಅನ್ನುತ್ತಿದ್ದರು. ಅದು ಕಿವಿಗೆ ಹಿತವಾಗಿಯೇ ಇತ್ತು.

ಹದಿನೈದು ದಿನಕ್ಕೆ ಹುಡುಗಿ ಚೀಲ ಬಿಸಾಡಿ ಮನೆಯೊಳಗೆ ಬಂದಳು. ನಾನು ಅವಳ ಸಿಟ್ಟು ನೋಡಿದ್ದು ಅದೇ ಮೊದಲು.

"ರಿಕ್ಷಾದವ್ರು ನನ್ನ ಮುಂದೆ ಕೂರಿಸ್ಕಂಡು ಪೆಪ್ಪರ್‌ಮಿಂಟ್ ಕೊಡ್ತ್ರು. ಟೀಚರು ನಂಗೆ ಮಾತ್ರ ಬೈಯ್ಯೂದಿಲ್ಲ. ಒಬ್ಳ ಅಮ್ಮ ನನ್ನ ಹತ್ರ ಕೂರ್ಬೇಡ ಅಂತ ಹೇಳಿದಾರೆ. ನೀ ಎಲ್ಲರಿಗೂ ಎಂತಕ್ಕೆ ಹೇಳ್ದೆ?"

"ಖರೇ ಹೇಳೂದು ಒಳ್ಳೇದಲ್ದಾ ಮಗಾ..."

"ಅದು ನನ್ನ ಸುದ್ದಿ ಅತ್ತೆ. ಯಾರಿಗೆ ಹೇಳೂದು ಅಂತ ನಾ ಹೇಳ್ತೆ."

ತಪ್ಪಾಯಿತು ಅಂದೆ. ಆದರೂ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ತನ್ನ ಮಗಳನ್ನು ಬೇರೆ ಕೂರಿಸಿದ ಆ ತಾಯಿಯ ಮನೆಗೆ ಹೋಗಿ ಮಕ್ಕಳ ಹಕ್ಕಿನ ಮೇಲೆ ಒಂದು ಭಾಷಣ ಬಿಗಿಯುವುದೆಂದು ನಿಶ್ಚಯಿಸಿ, ಮೂರು ಪುಟ ಬರೆದು, ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದೆ. ಹೊರಡುವ ದಿನ ಮೇಲಿನ ಮನೆಯ ಹುಡುಗಿ ಬಂದು ಸುದ್ದಿ ಹೇಳಿದಳು. ಅವಳು ತನ್ನ ಜಾಗ ಬಿಟ್ಟು ನಮ್ಮವಳ ಬೆಂಚಿಗೆ ಬಂದು ಕೂತಿದ್ದಳಂತೆ. ನಮ್ಮವಳು ಆ ಇನ್ನೊಬ್ಬಳ ಹತ್ತಿರ ಹೋಗಿ, "ಜೈಲಲ್ಲಿ ಇರೂದು ನನ್ನ ಅಪ್ಪ, ನಾನಲ್ಲ," ಅಂದಳಂತೆ. ಆ ಹುಡುಗಿ ಸ್ವಲ್ಪ ಯೋಚಿಸಿ "ಹೌದಲ್ಲ," ಅಂದು ಆಡಲು ಕರೆದಳಂತೆ. ನನ್ನ ಮೂರು ಪುಟ ಹಾಗೇ ಉಳಿಯಿತು. ಅದರಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ಹೋದ ವರ್ಷ ತಮ್ಮನಿಗೆ ಶಿಕ್ಷೆಯಾಯಿತು. ಇನ್ನೂ ಕೆಲವು ವರ್ಷ ಒಳಗೇ ಇರಬೇಕು. ಹುಡುಗಿಗೆ ಈಗ ಹನ್ನೊಂದು. ಶಿಕ್ಷೆಯ ದಿನ ನಾನು ಎರಡು ತಲೆನೋವಿನ ಮಾತ್ರೆ ನುಂಗಿ, ನೀರು ಕುಡಿದು, ಅವಳಿಗೆ ನೇರವಾಗಿ ಹೇಳಿದೆ. ಅವಳು ಬೆರಳು ಮಡಚಿ ವರ್ಷ ಲೆಕ್ಕ ಹಾಕಿ, "ಅಷ್ಟೊತ್ತಿಗೆ ನಾ ಕಾಲೇಜಿಗೆ ಹೋಗ್ತೆ," ಅಂದಳು. ಆ ಸಂಜೆ ಉಂಡಳು, ಆದರೆ ಎರಡು ದಿನ ಆಡಲು ಮೇಲೆ ಹೋಗಲಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತೆ. ನನಗೆ ಅದು ಎಷ್ಟು ಕಷ್ಟದ ಕೆಲಸ ಎಂಬುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು.

ಎರಡು ತಿಂಗಳಿಗೊಮ್ಮೆ ಜೈಲಿಗೆ ಹೋಗುತ್ತೇವೆ. ನಡುವೆ ಶನಿವಾರಗಳಲ್ಲಿ ವಿಡಿಯೊ ಕಾಲ್ ಇರುತ್ತದೆ. ಅದಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು, ಫೋನಿಗೆ ಬಂದ ನಂಬರ್ ಹಾಕಬೇಕು. ಅದನ್ನೆಲ್ಲ ಅವಳೇ ಮಾಡುತ್ತಾಳೆ, ನಾನು ಕನ್ನಡಕ ಹುಡುಕುವಷ್ಟರಲ್ಲಿ ಮುಗಿದಿರುತ್ತದೆ. ಮೊದಲ ವಿಡಿಯೊ ಕಾಲ್‌ನಲ್ಲಿ ನಾನೂ ಪರದೆಯ ಎದುರು ಕೂತು ಅರ್ಧ ಹೊತ್ತು ಅಳುತ್ತ ಕಳೆದೆ. ಎರಡನೆಯದರಿಂದ ನನಗೆ ಕೋಣೆಯೊಳಗೆ ಪ್ರವೇಶವಿಲ್ಲ.

"ನೀ ಅಳ್ತಿ ಅತ್ತೆ. ಅಪ್ಪಂಗೆ ಸಿಗೂದೇ ಸ್ವಲ್ಪ ಟೈಮು."

ಹಾಗಾಗಿ ಶನಿವಾರ ಆ ಹೊತ್ತಿಗೆ ನಾನು ಹೊರಗೆ ಮೆಟ್ಟಿಲ ಮೇಲೆ ಉತ್ತರ ಪತ್ರಿಕೆ ತಿದ್ದುತ್ತ ಕೂರುತ್ತೇನೆ. ಮೇಲಿನಾಕೆ ಬಟ್ಟೆ ಒಣಹಾಕಲು ಇಳಿದವಳು "ಒಳಗೆ ಬಿಡ್ಲಿಲ್ವ ಟೀಚರ್?" ಅಂದು ನಗುತ್ತಾಳೆ. ಮುಚ್ಚಿದ ಬಾಗಿಲ ಆಚೆ ಮಾತು ಸರಿಯಾಗಿ ಕೇಳಿಸುವುದಿಲ್ಲ. ಹೋದ ಶನಿವಾರ ಅಪ್ಪ ಮಗಳು ಇಬ್ಬರೂ ಒಟ್ಟಿಗೆ ಜೋರಾಗಿ ನಕ್ಕದ್ದು ಮಾತ್ರ ಕೇಳಿತು. ನನ್ನ ಬಗ್ಗೆಯೇ ಇರಬೇಕು.